ಹಸಿರು ಬೆಟ್ಟಗಳ ನಾಡಿನಲ್ಲಿ ಕೆಸರುಗಾಲ

ಏಪ್ರಿಲ್ ತಿಂಗಳ ಕೊನೆಯ ವಾರ. ಚಾಂಪ್ಲೇನ್ ಸರೋವರದ ದಡದಲ್ಲಿರುವ ಬರ್ಲಿಂಗ್ಟನ್ ನಗರದ ಮೇಲೆ ಎಳೆಬಿಸಿಲು ಹರಡಿದೆ. ತಿಂಗಳುಗಟ್ಟಲೆ ಮೈಮೇಲಿಂದ ಇಳಿಯದಿದ್ದ ಉಣ್ಣೆಯ ಕೋಟನ್ನು ಜನರು ಕಳಚಿ ತೋಳಿನ ಮೇಲೆ ಹಾಕಿಕೊಂಡಿದ್ದಾರೆ. ಸರೋವರದ ನೀರು ಮತ್ತೆ ನೀಲಿಯಾಗಿದೆ. ಆಗ್ನೇಯ ದಿಕ್ಕಿಗೆ ಕಣ್ಣು ಹಾಯಿಸಿದರೆ ದಿಗಂತದಲ್ಲಿ ಒಂದು ವಿಚಿತ್ರಾಕಾರದ ಶಿಖರ ಎದ್ದು ನಿಂತಿದೆ. ಅದನ್ನು ಕಂಡ ಫ್ರೆಂಚರು ಮಲಗಿರುವ ಸಿಂಹವೆಂದರು. ಆಮೇಲೆ ಬಂದ ಇಂಗ್ಲಿಷ್ ಭಾಷಿಕರಿಗೆ ಅದು ಒಂಟೆಯ ಡುಬ್ಬದಂತೆ ತೋರಿತು. ಆ ಎರಡನೆಯ ಹೆಸರೇ ನಿಂತಿತು: ಕ್ಯಾಮೆಲ್ಸ್ ಹಂಪ್. ಎತ್ತರ 4,083 ಅಡಿ.

ಇಂಥ ದಿನ ಮನೆಯೊಳಗೆ ಕುಳಿತಿರುವುದು ಯಾರಿಗೆ ತಾನೆ ಸಾಧ್ಯ? ದೂರದೂರಿನಿಂದ ಬಂದ ಪ್ರವಾಸಿಯೊಬ್ಬನು ಬೆನ್ನಿಗೆ ಚೀಲವನ್ನೇರಿಸಿ, ಗಟ್ಟಿಯಾದ ಬೂಟುಗಳನ್ನು ಮೆಟ್ಟಿ, ಆ ಶಿಖರವನ್ನೇರಲು ಹೊರಡುತ್ತಾನೆಂದು ಭಾವಿಸೋಣ. ಬೆಟ್ಟದ ಬುಡದವರೆಗೆ ಅವನ ಉತ್ಸಾಹಕ್ಕೆ ಭಂಗವಿಲ್ಲ. ಅಲ್ಲಿ, ಕಾಡೊಳಗೆ ಕಾಲುದಾರಿ ಹೊಗುವ ಬಾಯಿಯಲ್ಲಿ, ಒಂದು ಫಲಕ ಅವನನ್ನು ತಡೆದು ನಿಲ್ಲಿಸುತ್ತದೆ. 'ಕೆಸರುಗಾಲ. ದಾರಿ ಮುಚ್ಚಿದೆ' ಎಂಬುದು ಅದರ ಒಕ್ಕಣೆಯ ಸಾರಾಂಶ. ಹಗಲಿರುಳು ಕಾಯುವ ಕಾವಲುಗಾರನಿಲ್ಲ, ಮುಳ್ಳುತಂತಿಯ ಬೇಲಿಯಿಲ್ಲ. ಫಲಕದ ಪಕ್ಕದಲ್ಲಿ ಒಂದು ಹೆಜ್ಜೆ ಇಟ್ಟರೆ ಸಾಕು, ದಾರಿ ತೆರೆದೇ ಇದೆ. ಮೇಲೆ ಆಕಾಶ ಶುಭ್ರವಾಗಿದೆ. ಶಿಖರ ಕೈಬೀಸಿ ಕರೆಯುತ್ತಿದೆ.

ಅವನು ಹೋಗಬೇಕೇ, ಹಿಂದಿರುಗಬೇಕೇ?

ವರ್ಷವರ್ಷವೂ ವಸಂತದಲ್ಲಿ ಈ ನಾಡಿನಲ್ಲಿ ಅನೇಕರ ಮುಂದೆ ಬಂದು ನಿಲ್ಲುವ ಪ್ರಶ್ನೆ ಇದು. ನೋಡುವುದಕ್ಕೆ ಅಲ್ಪವಾದದ್ದು. ಆದರೆ ಒಂದು ಬೆಟ್ಟದ ಹಣೆಬರಹ ಅದರಲ್ಲಿ ಅಡಗಿದೆ.

ಐದನೆಯ ಋತು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಗುಲಿಕೊಂಡಿರುವ ಪುಟ್ಟ ಸಂಸ್ಥಾನ ವರ್ಮಾಂಟ್. ಒಕ್ಕೂಟವನ್ನು 1791ರಲ್ಲಿ ಹದಿನಾಲ್ಕನೆಯದಾಗಿ ಸೇರಿದ ಈ ಸಂಸ್ಥಾನದ ಹೆಸರಿಗೆ ಮೂಲ 'ಹಸಿರು ಬೆಟ್ಟ' ಎಂಬರ್ಥದ ಫ್ರೆಂಚ್ ಮಾತುಗಳು. ಹೆಸರಿಗೆ ತಕ್ಕಂತೆ ಹಸಿರು ಬೆಟ್ಟಗಳ ಸಾಲೊಂದು ದಕ್ಷಿಣದಿಂದ ಉತ್ತರದವರೆಗೆ ನಾಡಿನ ಬೆನ್ನೆಲುಬಾಗಿ ಹಾಯ್ದಿದೆ. ನೆಲದ ಸುಮಾರು ಮುಕ್ಕಾಲು ಪಾಲು ಕಾಡು. ದೊಡ್ಡ ನಗರಗಳಿಲ್ಲ, ರಾಜಧಾನಿ ಮಾಂಟ್‌ಪೀಲಿಯರ್ ಜನಸಂಖ್ಯೆಯಲ್ಲಿ ಆ ದೇಶದ ಸಂಸ್ಥಾನ ರಾಜಧಾನಿಗಳಲ್ಲೆಲ್ಲ ಅತ್ಯಂತ ಚಿಕ್ಕದು. ಹಳ್ಳಿಗಳ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಡಾಂಬರು ಕಾಣದ ಮಣ್ಣಿನ ರಸ್ತೆಗಳು.

ನಮ್ಮಲ್ಲಿ ಋತುಗಳು ಆರು, ಅವರಲ್ಲಿ ನಾಲ್ಕು. ಆದರೆ ವರ್ಮಾಂಟಿನ ಜನರು ತಮ್ಮಲ್ಲಿ ಐದನೆಯದೊಂದು ಋತುವೂ ಉಂಟೆಂದು ನಗುತ್ತ ಹೇಳುತ್ತಾರೆ. ಚಳಿಗಾಲ ಹೋಗಿಯೂ ಹೋಗದ, ವಸಂತ ಬಂದೂ ಬಾರದ ಆ ಸಂಧಿಕಾಲವೇ ಕೆಸರುಗಾಲ. ಮಾರ್ಚಿಯಲ್ಲಿ ಕಣಿವೆಗಳಲ್ಲಿ ಮೊದಲಾಗಿ, ಮೆಲ್ಲಮೆಲ್ಲನೆ ಬೆಟ್ಟದ ಮೈಯೇರಿ, ಮೇ ತಿಂಗಳ ಕೊನೆಗೆ ಶಿಖರಗಳಿಂದ ಅದು ಬೀಳ್ಕೊಳ್ಳುತ್ತದೆ.

ಮಳೆ ಬಿದ್ದೊಡನೆ ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ ಎರೆನೆಲವನ್ನು ಕಂಡಿರುವ ಕನ್ನಡಿಗರಿಗೆ ಕೆಸರು ಹೊಸದಲ್ಲ. ಆದರೆ ಈ ಕೆಸರಿನ ಹುಟ್ಟು ಬೇರೆ. ಅದು ಆಕಾಶದಿಂದ ಬಂದುದಕ್ಕಿಂತ ಹೆಚ್ಚಾಗಿ ನೆಲದೊಳಗಿನಿಂದ ಬಂದುದು. ಚಳಿಗಾಲದಲ್ಲಿ ಅಲ್ಲಿನ ಮಣ್ಣು ಹಲವು ಅಡಿಗಳ ಆಳದವರೆಗೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಕೆಳಗಿನ ತೇವವನ್ನು ಮೇಲಕ್ಕೆ ಹೀರಿಕೊಂಡು, ಮಣ್ಣಿನ ಪದರಗಳ ನಡುವೆ ಹಿಮದ ತೆಳು ಬಿಲ್ಲೆಗಳಾಗಿ ಕೂಡಿಸಿಕೊಳ್ಳುತ್ತದೆ. ಈ ಬಿಲ್ಲೆಗಳು ಬೆಳೆಯುತ್ತ ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ಸರಿಸುತ್ತವೆ. ವಸಂತದ ಬಿಸಿಲು ಬಂದಾಗ ಕರಗುವಿಕೆ ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೇಲಿನ ಕೆಲವು ಅಂಗುಲಗಳು ಕರಗಿ ನೀರಾದಾಗಲೂ ಅದರ ಕೆಳಗಿನ ನೆಲ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ನೀರು ಇಂಗಲು ಎಡೆಯೆಲ್ಲಿ? ತಳದಲ್ಲಿ ತೂತಿಲ್ಲದ ಹೂವಿನ ಕುಂಡಕ್ಕೆ ಕೊಡಗಟ್ಟಲೆ ನೀರೆರೆದಂತಾಗುತ್ತದೆ ನೆಲದ ಪಾಡು. ಕಣಕ್ಕೆ ಕಣದ ಹಿಡಿತ ತಪ್ಪಿ, ಮಣ್ಣು ಅಂಬಲಿಯಾಗುತ್ತದೆ.

ಆ ದಿನಗಳಲ್ಲಿ ಹಳ್ಳಿಯ ರಸ್ತೆಗಳಲ್ಲಿ ಕಾರುಗಳು ಅಚ್ಚಿನವರೆಗೆ ಹೂತುಹೋಗುವುದುಂಟು. ಭಾರದ ಲಾರಿಗಳು ಬಾರದಂತೆ ಊರಿನವರು ರಸ್ತೆಗಳಿಗೆ ತೂಕದ ಕಟ್ಟಳೆ ವಿಧಿಸುತ್ತಾರೆ. ರಸ್ತೆ ಒಣಗಿ ಗಟ್ಟಿಯಾಗುವವರೆಗೆ ಮರದ ದಿಮ್ಮಿಗಳ ಸಾಗಣೆ ನಿಲ್ಲುತ್ತದೆ. ಇದನ್ನು ಅಲ್ಲಿ ಯಾರೂ ಅನ್ಯಾಯವೆಂದು ಬಗೆಯುವುದಿಲ್ಲ. ರಸ್ತೆ ಹಾಳಾದರೆ ಅದರ ರಿಪೇರಿಯ ಖರ್ಚು ತಮ್ಮ ತೆರಿಗೆಯಿಂದಲೇ ಬರಬೇಕೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು.

ಮೇಪಲ್ ಮರದ ಆಲೆಮನೆ

ಕೆಸರುಗಾಲವು ಕೇವಲ ಕಷ್ಟದ ಕಾಲವೆಂದರೆ ಅರ್ಧ ಮಾತು ಹೇಳಿದಂತಾದೀತು. ಈ ನಾಡಿನ ಸಿಹಿ ಹುಟ್ಟುವುದೂ ಆಗಲೇ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು — ಇವೆರಡೂ ಸರದಿಯಾಗಿ ಬಂದರೆ ಮೇಪಲ್ ಮರದಲ್ಲಿ ರಸ ಏರಿಳಿಯುತ್ತದೆ. ಕಾಂಡಕ್ಕೆ ಚಿಕ್ಕ ರಂಧ್ರ ಕೊರೆದು, ತೊಟ್ಟಿಕ್ಕುವ ರಸವನ್ನು ಹಿಂದೆ ಬಕೆಟ್ಟುಗಳಲ್ಲಿ ಹಿಡಿಯುತ್ತಿದ್ದರು. ಈಗ ಹೆಚ್ಚಾಗಿ ಮರದಿಂದ ಮರಕ್ಕೆ ಕೊಳವೆಗಳನ್ನು ಹಾಯಿಸುತ್ತಾರೆ. ನೀರಿನಂತೆ ತೆಳ್ಳಗಿರುವ ಆ ರಸವನ್ನು ಕಾಡಂಚಿನ ಕೊಟ್ಟಿಗೆಗಳಲ್ಲಿ ಅಗಲವಾದ ಬಾಣಲೆಗಳಿಗೆ ಸುರಿದು ಕುದಿಸುತ್ತಾರೆ. ಸುಮಾರು 40 ಗ್ಯಾಲನ್ ರಸ ಬತ್ತಿದರೆ ಒಂದು ಗ್ಯಾಲನ್ ಪಾಕ. ಹೊಗೆಗಂಡಿಯಿಂದ ಬಿಳಿಯ ಆವಿ ಮೋಡದಂತೆ ಮೇಲೇಳುವ ಆ ಕೊಟ್ಟಿಗೆಗಳನ್ನು ಕಂಡರೆ ಮಂಡ್ಯದ ಕಡೆಯ ಆಲೆಮನೆ ನೆನಪಾಗದಿರದು. ಬಾಣಲೆಯ ಕೊನೆಯಲ್ಲಿ ಇಳಿಯುವ ಹೊಂಬಣ್ಣದ ಪಾಕವನ್ನು ಕಂಡರೆ ಜೋನಿಬೆಲ್ಲವೇ ನೆನಪಾಗುತ್ತದೆ. ಅಮೆರಿಕಾದಲ್ಲಿ ತಯಾರಾಗುವ ಮೇಪಲ್ ಪಾಕದಲ್ಲಿ ಹೆಚ್ಚುಕಡಿಮೆ ಅರ್ಧ ಈ ಪುಟ್ಟ ಸಂಸ್ಥಾನದ್ದೇ. 2001ರಲ್ಲಿ ವರ್ಮಾಂಟಿನ ಹೆಸರಿನಲ್ಲಿ ಹೊರಟ ಕಾಲು ಡಾಲರಿನ ನಾಣ್ಯದ ಮೇಲೆ ಕೆತ್ತಿರುವುದು ಎರಡನ್ನೇ: ಬಕೆಟ್ಟು ತೂಗುಹಾಕಿದ ಮೇಪಲ್ ಮರಗಳು, ಹಿನ್ನೆಲೆಯಲ್ಲಿ ಕ್ಯಾಮೆಲ್ಸ್ ಹಂಪ್.

ಮರದ ಮೊಗ್ಗು ಬಿರಿಯುವ ಹೊತ್ತಿಗೆ ರಸದ ರುಚಿ ಕೆಡುತ್ತದೆ; ಒಲೆಗಳು ಆರುತ್ತವೆ. ಸರಿಸುಮಾರು ಆ ಹೊತ್ತಿಗೆ ಬೆಟ್ಟದ ಬುಡದ ಫಲಕಗಳು ನಡೆಯುವವರ ಕಣ್ಣಿಗೆ ಬೀಳತೊಡಗುತ್ತವೆ.

ಮಂಜಿನಲ್ಲಿ ಹುಟ್ಟಿದ ದಾರಿ

ಫಲಕವನ್ನು ಅರ್ಥಮಾಡಿಕೊಳ್ಳಬೇಕಾದರೆ ಅದು ಕಾಯುತ್ತಿರುವ ದಾರಿಯ ಕಥೆಯನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಸಿರು ಬೆಟ್ಟಗಳು ಬಹುಮಟ್ಟಿಗೆ ಬೋಳಾಗಿದ್ದುವೆಂದರೆ ಇಂದು ನಂಬುವುದು ಕಷ್ಟ. ಕುರಿಗಳ ಹುಲ್ಲುಗಾವಲಿಗಾಗಿ, ಮರಮುಟ್ಟಿಗಾಗಿ, ಕಾಡನ್ನು ಕಡಿದು ಹಾಕಿದ್ದರು. ಬೋಳು ಇಳಿಜಾರಿನಲ್ಲಿ ಕರಗಿದ ಹಿಮ ಮಣ್ಣನ್ನು ಕೊಚ್ಚಿಕೊಂಡು ಹೊಳೆಗಿಳಿಯುತ್ತಿತ್ತು. ಇದನ್ನು ಕಣ್ಣಾರೆ ಕಂಡು ಬೆಳೆದವನು ವುಡ್‌ಸ್ಟಾಕ್ ಎಂಬ ಊರಿನ ಜಾರ್ಜ್ ಪರ್ಕಿನ್ಸ್ ಮಾರ್ಷ್. ಮನುಷ್ಯನ ಕೈವಾಡದಿಂದ ಭೂಮಿಯ ಮುಖವೇ ಮಾರ್ಪಡುತ್ತದೆಂದು ಎಚ್ಚರಿಸಿ ಅವನು 1864ರಲ್ಲಿ ಪ್ರಕಟಿಸಿದ 'ಮ್ಯಾನ್ ಅಂಡ್ ನೇಚರ್' ಪ್ರಕೃತಿ ಸಂರಕ್ಷಣೆಯ ಚಿಂತನೆಗೆ ತಳಹದಿಯಾದ ಗ್ರಂಥಗಳಲ್ಲಿ ಒಂದು. ಮುಂದೆ ಒಕ್ಕಲುಗಳು ಪಶ್ಚಿಮಕ್ಕೆ ಗುಳೆ ಹೊರಟವು. ತೊರೆದ ಹೊಲಗಳ ಮೇಲೆ ಕಾಡು ಮರಳಿ ಬೆಳೆಯಿತು. ಇಂದಿನ ಹಸಿರು ಒಮ್ಮೆ ಕಳೆದುಕೊಂಡು ಪಡೆದ ಹಸಿರು.

ಅದರ ನಡುವೆ ಜೇಮ್ಸ್ ಟೇಲರ್ ಎಂಬ ಉಪಾಧ್ಯಾಯನಿದ್ದನು. ವರ್ಮಾಂಟ್ ಅಕಾಡೆಮಿ ಎಂಬ ಶಾಲೆಯಲ್ಲಿ ಅವನ ಕೆಲಸ. ವಿದ್ಯಾರ್ಥಿಗಳನ್ನು ಬೆಟ್ಟಗಳಿಗೆ ಕರೆದೊಯ್ಯಬೇಕೆಂಬುದು ಅವನ ಹಂಬಲ. ಆದರೆ ಬೆಟ್ಟದಿಂದ ಬೆಟ್ಟಕ್ಕೆ ದಾರಿಯೇ ಇರಲಿಲ್ಲ. 1909ರಲ್ಲಿ ಸ್ಟ್ರಾಟನ್ ಬೆಟ್ಟದ ಮೇಲೆ ಗುಡಾರದಲ್ಲಿ ಕುಳಿತು ಮಂಜು ತಿಳಿಯಾಗುವುದನ್ನು ಕಾಯುತ್ತಿದ್ದಾಗ, ಸಂಸ್ಥಾನದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶಿಖರಗಳನ್ನು ಪೋಣಿಸುವ ಒಂದು ಕಾಲುದಾರಿಯ ಕಲ್ಪನೆ ಅವನಿಗೆ ಹೊಳೆಯಿತಂತೆ. 1910ರ ಮಾರ್ಚಿ 11ರಂದು ಬರ್ಲಿಂಗ್ಟನ್ನಿನಲ್ಲಿ 23 ಮಂದಿ ಸೇರಿ 'ಗ್ರೀನ್ ಮೌಂಟನ್ ಕ್ಲಬ್' ಎಂಬ ಸಂಘವನ್ನು ಕಟ್ಟಿದರು. ಕೊಡಲಿ ಹಿಡಿದು ದಾರಿ ಸವರಿದವರಲ್ಲಿ ಅಧ್ಯಾಪಕರೂ ವರ್ತಕರೂ ವಿದ್ಯಾರ್ಥಿಗಳೂ ಇದ್ದರು. ಕ್ಯಾಮೆಲ್ಸ್ ಹಂಪಿನಿಂದ ದಕ್ಷಿಣಕ್ಕೆ ಸಾಗುವ ರಮಣೀಯ ಏರುಸಾಲಿನ ದಾರಿಯನ್ನು ರೂಪಿಸಿದವನು ವಿಲ್ ಮನ್ರೋ ಎಂಬ ಪ್ರಾಧ್ಯಾಪಕ. ಬೆಟ್ಟವನ್ನೇರುವ ದಾರಿಯೊಂದಕ್ಕೆ ಅವನ ಹೆಸರೇ ಇದೆ. ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ, 1930ರಲ್ಲಿ, ದಾರಿ ಕೆನಡಾದ ಗಡಿಯನ್ನು ಮುಟ್ಟಿತು. ಅದೇ 'ಲಾಂಗ್ ಟ್ರೇಲ್' — ನೀಳದಾರಿ. ಮಸಾಚುಸೆಟ್ಸಿನ ಎಲ್ಲೆಯಿಂದ ಕ್ವಿಬೆಕ್ ಪ್ರಾಂತದ ಎಲ್ಲೆಯವರೆಗೆ ಸುಮಾರು 272 ಮೈಲಿ. ಮರಗಳ ಕಾಂಡದ ಮೇಲೆ ಬಳಿದ ಬಿಳಿಯ ಬಣ್ಣದ ಪಟ್ಟಿಗಳೇ ದಾರಿ ತೋರುವ ಗುರುತು. ದಾರಿಯುದ್ದಕ್ಕೂ ಸುಮಾರು 70 ತಂಗುದಾಣಗಳಿವೆ. ಮೇನ್ ಸಂಸ್ಥಾನದಿಂದ ಜಾರ್ಜಿಯಾದವರೆಗೆ ಹಾಯುವ ಪ್ರಸಿದ್ಧ ಅಪಲೇಚಿಯನ್ ಕಾಲುದಾರಿ ವರ್ಮಾಂಟಿನ ದಕ್ಷಿಣ ಭಾಗದಲ್ಲಿ ಸುಮಾರು ನೂರು ಮೈಲಿ ಇದರೊಡನೆಯೇ ಸಾಗುತ್ತದೆ.

ಈ ದಾರಿಯನ್ನು ಸರ್ಕಾರ ಕಟ್ಟಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದನ್ನು ಕಟ್ಟಿದವರು ನಡೆಯುವವರೇ. 1971ರಲ್ಲಿ ಸಂಸ್ಥಾನದ ಶಾಸನಸಭೆ ಆ ಸಂಘವನ್ನೇ ದಾರಿಯ ಪೋಷಕನೂ ರಕ್ಷಕನೂ ಎಂದು ಗೌರವಿಸಿತು. ದಾರಿಯ ಕೆಲವು ಭಾಗಗಳು ಇಂದಿಗೂ ಖಾಸಗಿಯವರ ಜಮೀನಿನಲ್ಲಿ, ಅವರ ಸೌಜನ್ಯದಿಂದ ಹಾಯುತ್ತವೆ. ಆದುದರಿಂದಲೇ ದಾರಿಯ ಬಾಯಲ್ಲಿ ನಿಂತಿರುವ ಫಲಕದ ಮಾತಿಗೆ ಆಜ್ಞೆಗಿಂತ ವಿನಂತಿಯ ಧ್ವನಿ ಹೆಚ್ಚು.

ಒಂದು ಹೆಜ್ಜೆ ಏನು ಮಾಡೀತು?

ಫಲಕದ ಮುಂದೆ ನಿಂತ ಪ್ರವಾಸಿಯ ಮನಸ್ಸಿನಲ್ಲಿ ಏಳುವ ಮೊದಲ ಮಾತು ಇದೇ. ಬೆಟ್ಟವೆಂದರೆ ಬಂಡೆ. ಶಿಲಾಯುಗದಿಂದ ನಿಂತಿರುವ ಬಂಡೆಗೆ ಒಬ್ಬ ಮನುಷ್ಯನ ಬೂಟಿನಿಂದ ಏನಾದೀತು?

ಅವನು ಮುಂದುವರಿದನೆಂದೇ ಇಟ್ಟುಕೊಳ್ಳೋಣ. ಬುಡದಲ್ಲಿ ನೆಲ ಸಾಕಷ್ಟು ಒಣಗಿದೆ, ಸಂದೇಹಗಳು ಮಾಯವಾಗುತ್ತವೆ. ಸಾವಿರ ಅಡಿ ಏರುವ ಹೊತ್ತಿಗೆ ದಾರಿಯೇ ಒಂದು ತೊರೆಯಾಗಿ ಹರಿದು ಬರುತ್ತದೆ. ಇನ್ನೂ ಮೇಲೆ, ಸ್ಪ್ರೂಸ್ ಮತ್ತು ಫರ್ ಮರಗಳ ದಟ್ಟ ನೆರಳಿನಲ್ಲಿ, ಚಳಿಗಾಲ ಇನ್ನೂ ಬಿಡಾರ ಕಿತ್ತಿಲ್ಲ. ಸಂಸ್ಥಾನದ ಅತ್ಯುನ್ನತ ಶಿಖರವಾದ ಮ್ಯಾನ್ಸ್‌ಫೀಲ್ಡ್ ಬೆಟ್ಟದ ಮೇಲೆ ಹಿಮದ ಆಳವನ್ನಳೆಯುವ ಒಂದು ಕಂಬವಿದೆ. 1954ರಿಂದ ಅಲ್ಲಿ ಲೆಕ್ಕವಿಡುತ್ತ ಬಂದಿದ್ದಾರೆ. ಕಣಿವೆಯಲ್ಲಿ ಹೂ ಬಿರಿದ ಮೇಲೂ, ಮೇ ತಿಂಗಳು ಕಾಲಿಟ್ಟ ಮೇಲೂ, ಆ ಕಂಬದ ಬುಡದಲ್ಲಿ ಹಿಮ ಉಳಿದಿರುವುದು ಅಲ್ಲಿ ವಾಡಿಕೆ.

ಚಳಿಗಾಲವೆಲ್ಲ ಜನರು ತುಳಿದು ಗಟ್ಟಿಮಾಡಿದ ಹಿಮ ದಾರಿಯ ನಡುವೆ ಕಿರಿದಾದ ಬಿಳಿಯ ದಿಂಡಾಗಿ ಉಳಿಯುತ್ತದೆ. ಅಕ್ಕಪಕ್ಕದ ಹಿಮಕ್ಕಿಂತ ಅದು ಕರಗುವುದು ತಡ. ಪ್ರವಾಸಿ ಅದರ ಮೇಲೆ ಸರ್ಕಸ್ಸಿನ ಹಗ್ಗದ ಮೇಲೆ ನಡೆಯುವವನಂತೆ ಸಾಗುತ್ತಾನೆ. ಕಾಲು ಜಾರುತ್ತದೆ, ಪಕ್ಕದ ಪೊಳ್ಳು ಹಿಮದೊಳಗೆ ತೊಡೆಯವರೆಗೆ ಹೂತುಹೋಗುತ್ತದೆ. ಎದ್ದವನು ಎಲ್ಲರೂ ಮಾಡುವುದನ್ನೇ ಮಾಡುತ್ತಾನೆ — ದಾರಿಯನ್ನು ಬಿಟ್ಟು ಪಕ್ಕಕ್ಕೆ ಸರಿದು, ಹಿಮವಿಲ್ಲದ ಪಾಚಿಯ ಮೇಲೆ ಕಾಲಿಡುತ್ತಾನೆ. ಅನಾಹುತ ನಡೆಯುವುದು ಇಲ್ಲಿ.

ಆ ಎತ್ತರದಲ್ಲಿ ಬಂಡೆಯ ಮೇಲಿನ ಮಣ್ಣು ತೀರ ತೆಳ್ಳಗೆ. ಹಿಮಯುಗದ ಗಡ್ಡೆಗಳು ಸರಿದುಹೋದ ಮೇಲೆ ಸಾವಿರಾರು ವರ್ಷಗಳಲ್ಲಿ ಎಲೆ, ಸೂಜಿ, ಪಾಚಿ ಕೊಳೆತು ಕೂಡಿದ ಮಣ್ಣು ಅದು. ನೀರು ತುಂಬಿದ ಸ್ಥಿತಿಯಲ್ಲಿ ಅದರ ಮೇಲೆ ಬೂಟಿನ ಹಿಮ್ಮಡಿ ಬಿದ್ದರೆ ಕಣಗಳ ನಡುವಿನ ಗಾಳಿಯ ಎಡೆಗಳು ಮುಚ್ಚಿಹೋಗುತ್ತವೆ. ಎಳೆಯ ಬೇರುಗಳು ಹರಿಯುತ್ತವೆ. ಹೆಜ್ಜೆಯ ಗುಳಿಯಲ್ಲಿ ನೀರು ನಿಲ್ಲುತ್ತದೆ. ಹಿಂದೆ ಬರುವವನು ಆ ಗುಳಿಯನ್ನು ತಪ್ಪಿಸಲು ಇನ್ನಷ್ಟು ಪಕ್ಕಕ್ಕೆ ಸರಿಯುತ್ತಾನೆ. ಅವನ ಹಿಂದಿನವನು ಇನ್ನೂ ಪಕ್ಕಕ್ಕೆ. ಒಬ್ಬನು ನಡೆಯುವಷ್ಟಿದ್ದ ದಾರಿ ಕೆಲವೇ ವರ್ಷಗಳಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲವಾದ ಕೆಸರಿನ ಓಣಿಯಾಗುತ್ತದೆ. ಸಡಿಲಗೊಂಡ ಮಣ್ಣನ್ನು ಕರಗಿದ ನೀರು ಕೊಚ್ಚಿಕೊಂಡು ಹೋಗುತ್ತದೆ. ಮರದ ಬೇರುಗಳು ಮುದುಕರ ಕೈಯ ನರಗಳಂತೆ ಹೊರಬರುತ್ತವೆ. ಒಂದು ಅಂಗುಲ ಮಣ್ಣನ್ನು ಕಟ್ಟಲು ಕಾಡಿಗೆ ಬೇಕಾದ ಕಾಲದ ಮುಂದೆ ಮನುಷ್ಯನ ಆಯುಸ್ಸು ಏನೂ ಅಲ್ಲ. ಅದನ್ನು ಕಳೆಯಲು ಒಂದು ಭಾನುವಾರ ಸಾಕು.

ಮರಗಳ ಸೀಮೆಯನ್ನು ದಾಟಿ ನೆತ್ತಿಗೆ ಬಂದರೆ ಇನ್ನೂ ನಾಜೂಕಾದ ಲೋಕವೊಂದು ಎದುರಾಗುತ್ತದೆ. ಕ್ಯಾಮೆಲ್ಸ್ ಹಂಪಿನ ತಲೆಯ ಮೇಲೆ ಸುಮಾರು 10 ಎಕರೆಯಷ್ಟು, ಮ್ಯಾನ್ಸ್‌ಫೀಲ್ಡಿನ ಏರುಸಾಲಿನ ಮೇಲೆ ಸುಮಾರು 200 ಎಕರೆಯಷ್ಟು ಜಾಗದಲ್ಲಿ, ದೂರದ ಉತ್ತರ ಧ್ರುವದ ಸೀಮೆಯ ಸಸ್ಯಗಳು ಬೆಳೆಯುತ್ತವೆ. ಹಿಮಯುಗ ಹಿಂದೆ ಸರಿದಾಗ ಕೆಳಗಿನ ನೆಲವನ್ನೆಲ್ಲ ಕಾಡು ಆವರಿಸಿತು. ಈ ಸಸ್ಯಗಳು ನೆತ್ತಿಯ ಮೇಲೆ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರಂತೆ, ಉಳಿದುಕೊಂಡವು. ಅವುಗಳಲ್ಲಿ ಬಿಗೆಲೋ ಜೇಕು ಎಂಬುದೊಂದು. ನೋಡಿದರೆ ಸಾಮಾನ್ಯ ಹುಲ್ಲು. ಕುಳಿತು ಬುತ್ತಿ ಬಿಚ್ಚಬೇಕೆನ್ನಿಸುವಂಥ ಮೆತ್ತೆ. ಕಡುಚಳಿಯನ್ನೂ ಬಿರುಗಾಳಿಯನ್ನೂ ತಡೆದುಕೊಂಡು ಬದುಕಿದ ಈ ಹುಲ್ಲು ಬೂಟಿನ ತುಳಿತವನ್ನು ಮಾತ್ರ ತಡೆಯಲಾರದು. ನಡೆಯುವವರ ಸಂಖ್ಯೆ ಹೆಚ್ಚಿದಂತೆ, 1969ರಿಂದ ಈ ಶಿಖರಗಳ ಮೇಲೆ ಕಾವಲಿಗಾಗಿ ಸಂಘವು ಜನರನ್ನು ನೇಮಿಸುತ್ತ ಬಂದಿದೆ. ಬೇಸಗೆಯಲ್ಲಿ ಅವರು ಬಂದವರೊಡನೆ ಮಾತಾಡಿ, ಬಂಡೆಯಿಂದ ಬಂಡೆಗೆ ಕಾಲಿಡಿರೆಂದು ಬೇಡುತ್ತಾರೆ. ಆದರೆ ಕೆಸರುಗಾಲದಲ್ಲಿ ಅವರೂ ಮೇಲಿರುವುದಿಲ್ಲ. ಅಲ್ಲಿ ಬೆಟ್ಟ, ಬೆಟ್ಟದ ಹುಲ್ಲು, ಬಂದವನ ಮನಸ್ಸಾಕ್ಷಿ — ಇಷ್ಟೇ.

ಎರಡೂ ಕಡೆಯ ಮಾತು

ಇದಕ್ಕಾಗಿ ಸಂಸ್ಥಾನದ ಅರಣ್ಯ ಇಲಾಖೆ ತನ್ನ ವಶದಲ್ಲಿರುವ ಎತ್ತರದ ಬೆಟ್ಟಗಳ ದಾರಿಗಳನ್ನು ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಕೊನೆಯ ಸೋಮವಾರ ಬರುವ 'ಸ್ಮಾರಕ ದಿನ'ದ ವಾರಾಂತ್ಯದವರೆಗೆ ಸಾಮಾನ್ಯವಾಗಿ ಮುಚ್ಚುತ್ತದೆ. ಆ ಅವಧಿಯಲ್ಲಿ ಉಳಿದ ಎತ್ತರದ ದಾರಿಗಳಿಂದಲೂ ದೂರವಿರಿರೆಂದು ಗ್ರೀನ್ ಮೌಂಟನ್ ಕ್ಲಬ್ ಬಿನ್ನಹ ಮಾಡಿಕೊಳ್ಳುತ್ತದೆ. ಸರೋವರದಾಚೆ, ನ್ಯೂಯಾರ್ಕ್ ಸಂಸ್ಥಾನಕ್ಕೆ ಸೇರಿದ ಅಡಿರಾಂಡ್ಯಾಕ್ ಬೆಟ್ಟಗಳಲ್ಲಿಯೂ 2,500 ಅಡಿಗಳಿಗೆ ಮೇಲ್ಪಟ್ಟ ದಾರಿಗಳ ವಿಷಯದಲ್ಲಿ ಇದೇ ಕೋರಿಕೆ.

ಇದು ಎಲ್ಲರಿಗೂ ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ. ಸುದೀರ್ಘ ಚಳಿಗಾಲದ ಸೆರೆಯಿಂದ ಬಿಡುಗಡೆ ಹೊಂದಿದ ಜನ. ಜಾರುಬಂಡಿಯ ಆಟಗಳು ಮುಗಿದಿವೆ. ಬೇಸಗೆಯ ಸರೋವರಸ್ನಾನಕ್ಕೆ ಇನ್ನೂ ಕಾಲವಿದೆ. ಬೆಟ್ಟದೂರುಗಳಲ್ಲಿ ಎಷ್ಟೋ ವಸತಿಗೃಹಗಳೂ ಭೋಜನಾಲಯಗಳೂ ಈ ವಾರಗಳಲ್ಲಿ ಬಾಗಿಲೆಳೆದುಕೊಳ್ಳುತ್ತವೆ. ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗೆ, ವಾರಕ್ಕೆರಡೇ ದಿನ ಬಿಡುವಿರುವ ನೌಕರನಿಗೆ, ಆಕಾಶ ತಿಳಿಯಾದ ದಿನವೇ ಬೆಟ್ಟ ಮುಚ್ಚಿದೆಯೆಂದರೆ ಬೇಸರವಾಗದಿದ್ದೀತೆ? ದಾರಿ ಸಾರ್ವಜನಿಕರದು; ನಡೆಯಲಿಕ್ಕೆಂದೇ ಮಾಡಿದ್ದು; ನಡೆಯಬೇಡಿರೆನ್ನುವ ದಾರಿ ಎಂಥ ದಾರಿ ಎಂದು ಕೇಳಿದರೆ ಆ ಪ್ರಶ್ನೆಯಲ್ಲೂ ಸತ್ವವಿದೆ. ಮೇಲಾಗಿ ಈಚಿನ ದಶಕಗಳಲ್ಲಿ ಅಲ್ಲಿನ ಚಳಿಗಾಲ ಬೆಚ್ಚಗಾಗುತ್ತಿದೆ. ನಡುಚಳಿಗಾಲದಲ್ಲಿಯೂ ಹಿಮ ಕರಗುವ ದಿನಗಳು ಬರುತ್ತವೆ. ಪಂಚಾಂಗ ಹೇಳುವುದೊಂದು, ನೆಲ ಹೇಳುವುದೊಂದು ಆಗುವುದುಂಟು.

ಇದಕ್ಕೆ ಅಲ್ಲಿನ ಅನುಭವಸ್ಥರು ಕೊಡುವ ಉತ್ತರ ವಾದವಲ್ಲ, ಒಂದು ಸರಳ ಪರೀಕ್ಷೆ. ಹಿಂದಿರುಗಿ ನೋಡಿ: ನಡೆದಲ್ಲಿ ಹೆಜ್ಜೆಯ ಗುರುತು ಆಳವಾಗಿ ಮೂಡುತ್ತಿದೆಯೇ? ಮೂಡುತ್ತಿದ್ದರೆ ತಿಂಗಳು ಯಾವುದೇ ಆಗಲಿ, ಅದು ಕೆಸರುಗಾಲ. ಅಲ್ಲಿಂದ ಮರಳುವುದು ಲೇಸು. ನಡುವೆ ಎಲ್ಲೋ ಒಂದು ಕಡೆ ಕೆಸರು ಎದುರಾದರೆ ಪಕ್ಕಕ್ಕೆ ಸರಿಯದೆ ಅದರ ನಡುವೆಯೇ ಹಾಯಬೇಕು. ಕೈ ಕೆಸರಾದರೆ ಬಾಯಿ ಮೊಸರೆಂಬ ನಮ್ಮ ಗಾದೆಯಿದೆ. ಅಲ್ಲಿ ಕಾಲು ಕೆಸರಾದರೆ ದಾರಿ ಉಳಿಯುತ್ತದೆ. ಬೂಟನ್ನು ತೊಳೆಯಬಹುದು, ತುಳಿದ ಪಾಚಿಯನ್ನು ಮತ್ತೆ ನೆಡಲಾಗದು.

ಜನ ಬೆಟ್ಟವನ್ನು ಪ್ರೀತಿಸತೊಡಗಿದಂತೆಲ್ಲ ಬೆಟ್ಟ ಸವೆಯುವ ಈ ವಿಪರ್ಯಾಸ ಕನ್ನಡನಾಡಿಗೂ ಈಗ ಅಪರಿಚಿತವಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದುದನ್ನು ಕಂಡ ಮೇಲೆ ಕರ್ನಾಟಕದ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯ ಕಟ್ಟುಪಾಡನ್ನೂ ದಿನಕ್ಕೆ ಇಂತಿಷ್ಟೇ ಜನವೆಂಬ ಮಿತಿಯನ್ನೂ ತಂದಿತು. ಅಲ್ಲಿ ಹಿಮ, ಇಲ್ಲಿ ಮಳೆ. ಮಣ್ಣಿನ ಸಂಕಟ ಒಂದೇ.

ಬೆಟ್ಟವನ್ನು ಬಿಟ್ಟು ಬೇರೆ

ಫಲಕಕ್ಕೆ ತಲೆಬಾಗಿ ಹಿಂದಿರುಗಿದವನಿಗೆ ಆ ನಾಡು ಬರಿಗೈ ತೋರುವುದಿಲ್ಲ. ಸರೋವರದ ಅಂಚಿನ ಕಣಿವೆಯಲ್ಲಿ ವಸಂತ ಬೆಟ್ಟಕ್ಕಿಂತ ಎಷ್ಟೋ ವಾರ ಮೊದಲೇ ಬಂದಿರುತ್ತದೆ. ಕೇವಲ 968 ಅಡಿ ಎತ್ತರದ ಫೈಲೋ ಗುಡ್ಡದ ನೆತ್ತಿಯವರೆಗೆ ಡಾಂಬರು ರಸ್ತೆಯೇ ಇದೆ. ಅದರ ಮೇಲೆ ನಡೆದರೆ ಯಾವ ಬೇರಿಗೂ ನೋವಿಲ್ಲ. ನೆತ್ತಿಯಿಂದ ಚಾಂಪ್ಲೇನ್ ಸರೋವರದ ವಿಸ್ತಾರವೂ ಆಚೆಯ ಅಡಿರಾಂಡ್ಯಾಕ್ ಶ್ರೇಣಿಯೂ ಒಂದೇ ನೋಟಕ್ಕೆ ದಕ್ಕುತ್ತವೆ. ರೈಲು ನಿಂತುಹೋದ ಹಳಿದಾರಿಗಳನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಜಲ್ಲಿ ಹಾಕಿ ಅಣಿಗೊಳಿಸಿದ್ದಾರೆ. ಸೇಂಟ್ ಜಾನ್ಸ್‌ಬರಿಯಿಂದ ಸ್ವಾಂಟನ್ನಿನವರೆಗೆ ಲಮಾಯ್ಲ್ ಕಣಿವೆಯಲ್ಲಿ ಸಾಗುವ ಅಂಥ ದಾರಿಯ ಉದ್ದ ಸುಮಾರು 93 ಮೈಲಿ. ಹಿಂದೆ ರೈಲು ಓಡುತ್ತಿದ್ದ ಆ ಗಟ್ಟಿ ಏರಿಯಲ್ಲಿ ನೀರು ಬೇಗ ಬಸಿಯುವುದರಿಂದ ಕಾಡುದಾರಿಗಿಂತ ಅದು ಮುಂಚೆಯೇ ಒಣಗುತ್ತದೆ.

ಬೆಟ್ಟದ ಕಡೆಗೇ ಕಣ್ಣು ನೆಟ್ಟವನು ಕಾಣದೆ ಹೋಗುವ ಸೊಬಗೂ ಒಂದುಂಟು. ತಗ್ಗಿನ ಕಾಡುಗಳಲ್ಲಿ ಮರಗಳು ಎಲೆ ಬಿಡುವ ಮುನ್ನ, ನೆಲಕ್ಕೆ ನೇರವಾಗಿ ಬಿಸಿಲು ಬೀಳುವ ಆ ಕೆಲವೇ ವಾರಗಳಲ್ಲಿ, ಟ್ರಿಲಿಯಂ ಮೊದಲಾದ ಕಾಡುಹೂಗಳು ಅರಳಿ ಮರೆಯಾಗುತ್ತವೆ. ಎಲೆಗಳ ಚಪ್ಪರ ಮುಚ್ಚಿಕೊಂಡಿತೆಂದರೆ ಅವುಗಳ ಸಂಭ್ರಮ ಮುಗಿಯಿತು. ಸಂಜೆಯ ಹೊತ್ತು ಜೌಗಿನಲ್ಲಿ ಉಗುರಿನಷ್ಟು ಗಾತ್ರದ ಕಪ್ಪೆಗಳು ಸಾವಿರ ಸಿಳ್ಳುಗಳನ್ನು ಒಮ್ಮೆಲೇ ಊದಿದಂತೆ ಕೂಗುತ್ತವೆ. ಮೇ ತಿಂಗಳ ಮೊದಲ ಶನಿವಾರ ಊರಿಗೆ ಊರೇ ಚೀಲ ಹಿಡಿದು ಹೊರಟು, ಕರಗಿದ ಹಿಮದಡಿಯಿಂದ ಹೊರಬಿದ್ದ ರಸ್ತೆಬದಿಯ ಕಸವನ್ನು ಆಯುತ್ತದೆ. 1970ರಲ್ಲಿ ಗವರ್ನರ್ ಡೀನ್ ಡೇವಿಸ್ ಮೊದಲು ಮಾಡಿದ ಈ 'ಗ್ರೀನ್ ಅಪ್ ದಿನ'ದಲ್ಲಿ ಮಕ್ಕಳೂ ಮುದುಕರೂ ಸೇರುತ್ತಾರೆ. ಬೆಟ್ಟ ಏರಲಾಗದ ಕಾಲುಗಳಿಗೆ ಅಂದು ಬೇಕಾದಷ್ಟು ಕೆಲಸ.

ಕಲ್ಲು ಹೊರುವವರು

ಬೇಸಗೆ ಬಂದೊಡನೆ ಬೆಟ್ಟವನ್ನೇರುವವರಲ್ಲಿ ಇನ್ನೊಂದು ಪಂಗಡವಿದೆ. ಅವರ ಹೆಗಲ ಮೇಲೆ ಹಾರೆ, ಗುದ್ದಲಿ, ಸನಿಕೆ. 1931ರಷ್ಟು ಹಿಂದೆಯೇ ಗ್ರೀನ್ ಮೌಂಟನ್ ಕ್ಲಬ್ ದಾರಿ ರಿಪೇರಿಯ ತಂಡವೊಂದನ್ನು ಕಟ್ಟಿತು; ಆ ಪರಂಪರೆ ಇಂದಿಗೂ ನಡೆದಿದೆ. ಅವರು ಮಾಡುವ ಕೆಲಸವನ್ನು ಮಲೆನಾಡಿನ ತೋಟಗಾರ ಕಂಡರೆ ತನ್ನ ಮನೆಯ ಕೆಲಸವೆಂದೇ ಗುರುತಿಸಿಯಾನು. ಇಳಿಜಾರಿಗೆ ಓರೆಯಾಗಿ ಕಲ್ಲಿನ ಅಥವಾ ದಿಮ್ಮಿಯ ಕಟ್ಟೆಯನ್ನಿಟ್ಟು ನೀರನ್ನು ದಾರಿಯಿಂದ ಕಾಡಿಗೆ ತಿರುಗಿಸುವುದು; ಕಡಿದಾದಲ್ಲಿ ಭಾರಿ ಕಲ್ಲುಗಳನ್ನು ಹೊತ್ತು ತಂದು ಮೆಟ್ಟಿಲು ಕೂಡಿಸುವುದು; ಜೌಗಿನ ಮೇಲೆ ಹಲಗೆಯ ಸಂಕ ಹಾಕುವುದು; ತುಳಿದು ಅಗಲವಾದ ಕಡೆ ಒಣಕೊಂಬೆಗಳನ್ನು ಹರಡಿ ಪಕ್ಕದ ನೆಲಕ್ಕೆ ಉಸಿರಾಡಲು ಬಿಡುವು ಕೊಡುವುದು. ಒಂದು ಕಲ್ಲಿನ ಮೆಟ್ಟಿಲಿಗಾಗಿ ಹಲವರು ಗಂಟೆಗಟ್ಟಲೆ ಬೆವರು ಸುರಿಸಬೇಕು. ಅವರಲ್ಲಿ ಕಾಲೇಜಿನ ತರುಣತರುಣಿಯರೂ ಇದ್ದಾರೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೂ ಇದ್ದಾರೆ. ಏಪ್ರಿಲಿನ ಒಂದು ದಿನದ ಸುಖ ಜುಲೈಯಲ್ಲಿ ಇನ್ನೊಬ್ಬರ ಬೆನ್ನುನೋವಾಗಿ ತೀರುತ್ತದೆ.

ಆ ಫಲಕದ ಹಿಂದೆ ಅಧಿಕಾರಿಯ ದರ್ಪವಿಲ್ಲ. ಮಣ್ಣನ್ನೂ ಕಲ್ಲನ್ನೂ ಹೊತ್ತು ಬಲ್ಲವರ ಅನುಭವವಿದೆ. ಕೆಲವು ವಾರ ದೂರವಿದ್ದರೆ ಉಳಿದ ತಿಂಗಳುಗಳೆಲ್ಲ ನಿಮ್ಮವೆಂದು ಅದು ಹೇಳುತ್ತದೆ. ದಾರಿಯನ್ನು ಕಾಪಾಡುವ ಕೆಲಸದಲ್ಲಿ ಹಾರೆ ಗುದ್ದಲಿಗಳಿಲ್ಲದೆ, ಒಂದು ಕಾಸೂ ಖರ್ಚಿಲ್ಲದೆ, ಯಾರು ಬೇಕಾದರೂ ಮಾಡಬಹುದಾದ ಸೇವೆ ಇದೊಂದೇ: ಮನೆಗೆ ಹಿಂದಿರುಗುವುದು.

ಮೇ ತಿಂಗಳ ಕೊನೆ ಬರುತ್ತದೆ. ಶಿಖರಗಳ ಬೆಳ್ಳನೆಯ ಪಟ್ಟಿಗಳು ಮಾಯವಾಗುತ್ತವೆ. ಬರ್ಚ್ ಮರಗಳ ಎಳೆಯ ಹಸಿರು ಕಣಿವೆಯಿಂದ ದಿನದಿನಕ್ಕೂ ಮೇಲೇರಿ ಸ್ಪ್ರೂಸಿನ ಕಪ್ಪು ಹಸಿರನ್ನು ಕೂಡುತ್ತದೆ. ಸ್ಮಾರಕ ದಿನದ ವಾರಾಂತ್ಯದಲ್ಲಿ ಬೆಟ್ಟದ ಬುಡದಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಏಪ್ರಿಲಿನಲ್ಲಿ ಫಲಕದ ಮುಂದಿನಿಂದ ಮರಳಿಹೋಗಿದ್ದ ಪ್ರವಾಸಿಯೂ ಅವರಲ್ಲೊಬ್ಬನಾಗಿರಬಹುದು. ಕಚ್ಚುವ ಕರಿನೊಣಗಳ ಹಿಂಡು ಅವನನ್ನು ಎದುರುಗೊಳ್ಳುತ್ತದೆ. ಆ ಕಾಲದ ಸುಂಕ ಅದು, ಕೊಡದೆ ತೀರದು. ಆದರೆ ಅವನ ಕಾಲಡಿಯ ನೆಲ ಗಟ್ಟಿಯಾಗಿದೆ. ದಾರಿಯ ಎರಡು ಬದಿಯಲ್ಲಿಯೂ ಪಾಚಿ ಹಸಿಹಸಿಯಾಗಿ ದಾರಿಯ ಅಂಚಿನವರೆಗೆ ಬೆಳೆದಿದೆ. ಮರಗಳ ಮೇಲಿನ ಗುರುತುಗಳನ್ನು ಎಣಿಸುತ್ತ ಅವನು ನೆತ್ತಿಯನ್ನು ಮುಟ್ಟಿ, ಬಂಡೆಯೊಂದರ ಮೇಲೆ ಕುಳಿತು, ಪಕ್ಕದಲ್ಲಿ ಗಾಳಿಗೆ ತೂಗುವ ಆ ಸಾಮಾನ್ಯವಾದ ಹುಲ್ಲನ್ನು ನೋಡುತ್ತಾನೆ. ಅದರ ನಡುವೆ ಎಲ್ಲಿಯೂ ಬೂಟಿನ ಗುರುತಿಲ್ಲ. ತನ್ನದೂ ಇಲ್ಲ.